ಪಟೇಲರ ಶಾಟು

ನಾಗಲಗಿದ್ದದ ಹುಡುಗರು ತಾವು ತೆಗೆದ ಹನ್ನೆರಡು ನಿಮಿಷದ ಕಿರುಚಿತ್ರವನ್ನು ಮೊಬೈಲಿನಲ್ಲಿ ನನ್ನ ಮುಂದೆ ಹಿಡಿದು, “ಹ್ಯಾಂಗದರಿ ಕಾಕಾ?” ಎಂದು ವಿನಯದಿಂದ ಕೇಳಲಾಗಿ, ವಿಮರ್ಶಕನೆಂಬ ಪದವಿ ಅಯಾಚಿತವಾಗಿ ಪ್ರಾಪ್ತವಾದ ಸಂಭ್ರಮದಲ್ಲಿ ನಾನು ಕಟ್ಟೆಯ ಮೇಲೆ ನೆಟ್ಟಗೆ ಕುಳಿತು, ಕನ್ನಡಕವನ್ನೇರಿಸಿ, ನಾಯಕನ ನಡಿಗೆಯೊಂದಕ್ಕೇ ಐದು ನಿಮಿಷ ವ್ಯಯವಾದುದನ್ನೂ, ನಾಯಕಿಯ ಮಾತಿಗಿಂತ ಎಮ್ಮೆಯ ಕೂಗೇ ಸುಸ್ಪಷ್ಟವಾಗಿ ಕೇಳಿದುದನ್ನೂ ಸವಿಸ್ತಾರವಾಗಿ ಖಂಡಿಸಿದೆನು. ಹುಡುಗರ ಮುಖಗಳು ಬಾಡಿದವು.

ಆಗ ನೆನಪಾದುದು ಜಹೀರಾಬಾದಿನ ಸಮೀಪದ ಪಸ್ತಾಪುರ. ಅಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಆಶ್ರಯದಲ್ಲಿ, 1990ರ ದಶಕದ ಕೊನೆಯ ಭಾಗದಿಂದ, ಬಹುಪಾಲು ಅಕ್ಷರವರಿಯದ ದಲಿತ ರೈತಮಹಿಳೆಯರು ಕ್ಯಾಮೆರಾ ವಿದ್ಯೆಯನ್ನು ಕಲಿತು, ಅದಕ್ಕೊಂದು ಸ್ವಂತ ಪರಿಭಾಷೆಯನ್ನೇ ನಿರ್ಮಿಸಿಕೊಂಡರು: ಮೇಲಿನಿಂದ ಕೆಳಕ್ಕೆ ನೋಡಿದರೆ ಪಟೇಲರ ಶಾಟು; ಕೆಳಗಿನಿಂದ ಮೇಲಕ್ಕೆ ನೋಡಿದರೆ ಜೀತದಾಳಿನ ಶಾಟು; ಕಣ್ಣಿಗೆ ಕಣ್ಣು ಸಮನಾಗಿದ್ದರೆ, ಎಲ್ಲರೂ ಸರಿಸಮಾನರಾಗಿ ಕೂಡುವ ಸಂಘದ ಶಾಟು.

ನನ್ನ ವಿಮರ್ಶೆ ನಿಸ್ಸಂದೇಹವಾಗಿ ಪಟೇಲರದು. ಹಾಗೆಂದು ಎಲ್ಲವನ್ನೂ ‘ಅದ್ಭುತ’ವೆಂದು ಹೊಗಳಿ ಕೈತೊಳೆದುಕೊಳ್ಳುವುದು ಜೀತದಾಳಿನದು. ಆದ್ದರಿಂದ ಕಟ್ಟೆಯಿಂದಿಳಿದು, ಹುಡುಗರ ಪಕ್ಕದಲ್ಲಿ ನೆಲದ ಮೇಲೆ ಕುಳಿತು, “ಮುಂಜಾನಿ ಬೆಳಕು ಛಲೋ ಹಿಡದೀರಿ, ಈ ನಡಿಗಿ ಅರ್ಧ ಮಾಡಿದ್ರ ಹ್ಯಾಂಗ?” ಎಂದೆನು. ಮುಖಗಳು ಅರಳಿದವು. ಒಬ್ಬನು ಮಾತ್ರ ಸಂಕೋಚದಿಂದ, “ಎಮ್ಮಿ ಹಂಗೇ ಇರ್ಲಿ ಕಾಕಾ, ಅದು ನಮ್ಮನಿದು” ಎಂದನು.

ಸಂಘದ ನ್ಯಾಯದಂತೆ ಎಮ್ಮೆಗೂ ಸಮಾನ ಸ್ಥಾನ ದೊರಕಿತು.