ಬೇಕಂತ ಮಾಡಿದ್ದಲ್ಲ ಸ್ವಾಮೀ!

ಓಪನ್ ಸೋರ್ಸ್ ಅನ್ನಿಸಿಕೊಳ್ಳಬೇಕಾದರೆ ತಂತ್ರಾಂಶದ ಮೂಲ ಕೋಡನ್ನು ಜನರ ಕೈಗಿಡಬೇಕು. ಅದನ್ನು ಬೇಕಂತಲೇ ಗೋಜಲು ಮಾಡಿ ಕೊಡುವ ಹಾಗಿಲ್ಲ. ಓಪನ್ ಸೋರ್ಸ್‌ನ ಅಧಿಕೃತ ವ್ಯಾಖ್ಯೆಯಲ್ಲೇ ಈ ಷರತ್ತಿದೆ. ತಾನಾಗಿ ಆದ ಗೋಜಲಿಗೆ ಮಾತ್ರ ಪೂರ್ಣ ಮಾಫಿ. ಈ ವ್ಯಾಖ್ಯೆ ಬರೆದವರೂ ಪ್ರೋಗ್ರಾಮರುಗಳೇ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಬೇಕಂತಲೇ ಮಾಡುವವರನ್ನು ಗುರುತಿಸುವುದು ಸುಲಭ: ಅವರು ಸ್ಪರ್ಧೆಗೆ ಹೆಸರು ಕೊಟ್ಟಿರುತ್ತಾರೆ. ಅರ್ಥವಾಗದ ಸಿ ಕೋಡ್ ಬರೆಯುವ ಅಂತರರಾಷ್ಟ್ರೀಯ ಪಂದ್ಯವೊಂದು 1984ರಲ್ಲಿ ಶುರುವಾಯಿತು. 1988ರಲ್ಲಿ ಬ್ರಯಾನ್ ವೆಸ್ಟ್‌ಲಿ ವೃತ್ತಾಕಾರದಲ್ಲಿ ಕೋಡ್ ಬರೆದರು. ಅದು ತನ್ನದೇ ವಿಸ್ತೀರ್ಣ ಅಳೆದುಕೊಂಡು ಪೈ ಬೆಲೆ ಹೇಳಿತು. 1994ರಲ್ಲಂತೂ ಒಂದಕ್ಷರವೂ ಇಲ್ಲದ ಖಾಲಿ ಫೈಲು ಗೆದ್ದಿತು. ತನ್ನನ್ನು ತಾನೇ ಮುದ್ರಿಸಿಕೊಳ್ಳುವ ಜಗತ್ತಿನ ಅತಿ ಚಿಕ್ಕ ಪ್ರೋಗ್ರಾಂ ಅಂತೆ! ಒಳಗೆ ಏನೂ ಇರಲಿಲ್ಲ, ಹೊರಗೂ ಏನೂ ಬರಲಿಲ್ಲ, ಲೆಕ್ಕ ಸರಿಹೋಯಿತು. (ಏನೂ ಬರೆಯದೆ ಬಿಲ್ಲು ಮಾಡುವವರು ಗರ್ವಪಡಬೇಡಿ, ಗೆದ್ದವರು ಬಿಲ್ಲು ಕೇಳಿರಲಿಲ್ಲ.)

ಆದರೆ ಈ ಪಂದ್ಯದ ಜನ್ಮವೃತ್ತಾಂತವೇ ನನಗೆ ಹೆಚ್ಚು ಪ್ರಿಯ. ಯುನಿಕ್ಸ್‌ನ ಪ್ರಸಿದ್ಧ ಶೆಲ್ ಬರೆದ ಬೆಲ್ ಲ್ಯಾಬ್ಸ್‌ನ ಸ್ಟೀಫನ್ ಬೋರ್ನ್ ಅವರಿಗೆ ಮನಸ್ಸೆಲ್ಲ ಆಲ್ಗಾಲ್ 68 ಮೇಲೆ, ಬರೆಯಬೇಕಾದದ್ದು ಸಿ ಭಾಷೆಯಲ್ಲಿ. ಮ್ಯಾಕ್ರೋಗಳನ್ನು ಹೊಸೆದು, ಪುಷ್ಪಾವರಣ ಇರಬೇಕಾದಲ್ಲಿ 'ಬಿಗಿನ್', 'ಎಂಡ್' ಕೂರಿಸಿ, ಸಿಗೆ ಆಲ್ಗಾಲ್ ವೇಷ ಕಟ್ಟಿದರು. ಓದಲು ಚೆಂದವಾಗಲಿ ಅಂತಲೇ! ಲ್ಯಾರಿ ಬ್ಯಾಸೆಲ್ ಅದನ್ನು ಓದಿ ದಂಗಾದರು. ಇನ್ನೊಂದು ಯುನಿಕ್ಸ್ ಕೋಡ್ ಓದಿ ಅಷ್ಟೇ ದಂಗಾಗಿದ್ದ ಲ್ಯಾಂಡನ್ ಕರ್ಟ್ ನೋಲ್ ಜತೆ ಸೇರಿ, ಇದಕ್ಕಿಂತ ಕೆಟ್ಟದಾಗಿ ಬರೆಯಬಲ್ಲವರು ಬನ್ನಿ ಎಂದು ಪಂದ್ಯ ಕಟ್ಟಿದರು. ಸ್ಪಷ್ಟತೆಗಾಗಿ ಪಟ್ಟ ಶ್ರಮ ಅಸ್ಪಷ್ಟತೆಯ ಆದಿಗುರುವಾಯಿತು.

ಮತ್ತೆ ಷರತ್ತಿನ ಮಾತಿಗೆ ಬಂದರೆ, ಓಪನ್ ಸೋರ್ಸ್ ತಂತ್ರಾಂಶಗಳ ಜಿಪಿಎಲ್ ಪರವಾನಗಿ ಬರೆದವರು ಇನ್ನೂ ಚಾಲಾಕಿಗಳು. ಉದ್ದೇಶದ ಸುದ್ದಿಗೇ ಹೋಗದೆ, ತಿದ್ದಲು ಯಾವ ರೂಪ ಹೆಚ್ಚು ಮೆಚ್ಚುಗೆಯದೋ ಅದೇ ಮೂಲ ಕೋಡ್ ಎಂದುಬಿಟ್ಟರು. ಮನೆಯಲ್ಲಿ ಅಚ್ಚುಕಟ್ಟಾಗಿ ಬರೆದಿಟ್ಟುಕೊಂಡು, ಟಿಪ್ಪಣಿ ಕಿತ್ತು, ಹೆಸರುಗಳನ್ನೆಲ್ಲ ಕಲಸಿ ಊರಿಗೆ ಹಂಚುವವನು ಇದರಲ್ಲಿ ಸಿಕ್ಕಿಬೀಳುತ್ತಾನೆ. ಮೊದಲಿನಿಂದಲೂ ಟೆಂಪ್, ಟೆಂಪ್2, ಟೆಂಪ್2ಫೈನಲ್, ಟೆಂಪ್2ಫೈನಲ್‌ಹೊಸದು ಅಂತಲೇ ಬರೆದುಕೊಂಡು ಬಂದವನನ್ನು ಯಾವ ವಕೀಲ ಹಿಡಿದಾನು? ಅವನ ಮೆಚ್ಚಿನ ರೂಪವೇ ಅದು.

ಆದ್ದರಿಂದ ನನ್ನದೊಂದು ತಿದ್ದುಪಡಿ. ಸಂಶಯ ಬಂದರೆ ಆರು ತಿಂಗಳು ಬಿಟ್ಟು, ಬರೆದವನನ್ನೇ ಕರೆಸಿ ಕೋಡ್ ತೋರಿಸಿ. ಥಟ್ಟನೆ ಬಿಡಿಸಿ ಹೇಳಿದನೋ, ಅಪರಾಧಿ, ಬೇಕಂತಲೇ ಮಾಡಿದ್ದಾನೆ. "ಯಾವ ಪುಣ್ಯಾತ್ಮ ಇದನ್ನು ಬರೆದದ್ದು?" ಎಂದು ಅವನೇ ಕೇಳಿದನೋ, ನಿರಪರಾಧಿ, ಬಿಟ್ಟುಬಿಡಿ. ಬಿಡದೆ ವಿಧಿಯೂ ಇಲ್ಲ. ಆ ಕೋಡ್ ಅರ್ಥವಾಗುವುದು ಅವನೊಬ್ಬನಿಗೇ ಎಂದು ನಂಬಿದ ಮ್ಯಾನೇಜರ್ ಆಗಲೇ ಅವನಿಗೆ ಪ್ರಮೋಷನ್ ಬರೆದಾಗಿದೆ.