ಗುಡ್ಡ ಹೊತ್ತು ತಂದವರು

2020ರ ಏಪ್ರಿಲ್ ಕೊನೆಗೆ ಕೇಂದ್ರ ಸರ್ಕಾರ ಕೋವಿಡ್ ಲೆಕ್ಕದಲ್ಲಿ ದೇಶದ ಜಿಲ್ಲೆಗಳಿಗೆಲ್ಲ ಬಣ್ಣ ಬಳಿದಾಗ ನಮ್ಮ ಕೊಪ್ಪಳಕ್ಕೆ ಸುರಕ್ಷಿತವೆಂಬ ಹಸಿರು ಸಿಕ್ಕಿತ್ತು. ಬೆಂಗಳೂರಿನ ನೆಂಟರಿಗೆ ಫೋನ್ ಹಚ್ಚಿ ಹಚ್ಚಿ ಹೇಳಿಕೊಂಡೆವು. ದೂರದ ಬಸ್ಸುಗಳೇ ನಿಲ್ಲಲು ಹಿಂದೆಮುಂದೆ ನೋಡುವ ಊರಲ್ಲಿ ವುಹಾನದ ರೋಗ ಯಾಕೆ ಇಳಿದೀತು ಎಂಬುದು ಕಟ್ಟೆಯ ಮೇಲೆ ಅಂತರ ಬಿಟ್ಟು ಕುಳಿತ ಹಿರಿಯರ ಒಮ್ಮತದ ತೀರ್ಮಾನವಾಗಿತ್ತು. ಮರುವರ್ಷ ಎರಡನೇ ಅಲೆಯಲ್ಲಿ ಅದು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂದು ಒಂದು ಸ್ಟಾಪೂ ಬಿಡದೆ ನಿಂತು ನಿಂತು ಹೋಯಿತು.

ನಮ್ಮ ಸೋದರಮಾವನಿಗೂ ಬಂತು. ಅರವತ್ತು ದಾಟಿದ ಜೀವ, ಸಕ್ಕರೆ ಉಂಟು, ಬಿಪಿ ಉಂಟು, ಎರಡಕ್ಕೂ ಗುಳಿಗೆ ನಡೆದಿದೆ. ಉಸಿರಾಟಕ್ಕೇನೂ ತೊಂದರೆ ಇರಲಿಲ್ಲವಾದ್ದರಿಂದ ಮನೆಯಲ್ಲೇ ಇರಲಿ ಎಂದರು ಡಾಕ್ಟರು. ಮಾಳಿಗೆ ಕೋಣೆಗೆ ಮಾವನನ್ನು ಏರಿಸಿ, ಊಟದ ಬುಟ್ಟಿಗೆ ಹಗ್ಗ ಕಟ್ಟಿ, ಕೆಳಗೆ ನಾವು ಕಾವಲು ಕುಳಿತೆವು. ಜ್ವರದ ಬಗ್ಗೆ ಮಾವನ ದೂರಿರಲಿಲ್ಲ. “ಜರ ಬಂದ್ರ ಬರ್ಲಿ, ಮೈಕೈ ನೋವು ತಾಳಂಗಿಲ್ಲಪಾ. ಯಾರೋ ರಾತ್ರಿ ಬಂದು ಬಡದು ಹೋದಂಗ ಆಗೇತಿ,” ಎಂದು ಕಿಟಕಿಯಿಂದ ಕೂಗುತ್ತಿದ್ದರು. ಅತ್ತಿ ಮುಖ ತಿರುಗಿಸಿ, “ನಾನಂತೂ ಮ್ಯಾಲ ಹೋಗಿಲ್ಲ,” ಎಂದಳು.

ಡಾಕ್ಟರು ಫೋನಿನಲ್ಲೇ ಹೇಳಿದ ಮದ್ದು ಒಂದೇ ಸಾಲಿನದು: “ಪ್ಯಾರಾಸಿಟಮಾಲ್ 650, ದಿನಕ್ಕ ನಾಕು ಸಲ, ನಡುವ ಐದಾರು ತಾಸು ಬಿಡ್ರಿ. ನೀರು ಜಗ್ಗಿ ಕುಡೀಲಿ. ಬ್ಯಾರೆ ನೋವಿನ ಗುಳಿಗಿ ನನ್ನ ಕೇಳ್ದ ಕೊಡಬ್ಯಾಡ್ರಿ.” ಆಗ ಕೇಂದ್ರ ಆರೋಗ್ಯ ಸಚಿವಾಲಯದ ಮನೆ ಆರೈಕೆಯ ಸೂಚನೆಯಲ್ಲಿ ಜ್ವರಕ್ಕೆ ಇದ್ದದ್ದೂ ಇಷ್ಟೇ. 650ರ ಗುಳಿಗೆ ನಾಲ್ಕು ಸಲ ಕೊಟ್ಟರೂ ಜ್ವರ ಬಗ್ಗದಿದ್ದರೆ ವೈದ್ಯರನ್ನು ಕೇಳಿ, ನ್ಯಾಪ್ರಾಕ್ಸೆನ್‌ನಂಥದ್ದು ಬೇಕೋ ಬೇಡವೋ ಅವರು ನೋಡುತ್ತಾರೆ ಎಂದಿತ್ತು.

ಮಾವನಿಗೆ ಇದರಿಂದ ಭಾರಿ ನಿರಾಸೆಯಾಯಿತು. ಜಗತ್ತನ್ನೇ ನಿಲ್ಲಿಸಿದ ರೋಗ ತನಗೆ ಬಂದಿದೆ, ಅದಕ್ಕೆ ಎರಡು ರೂಪಾಯಿ ಆಸುಪಾಸಿನ ಗುಳಿಗೆಯೇ? ನಮ್ಮ ಕಡೆ ಔಷಧಿಯ ಯೋಗ್ಯತೆಯನ್ನು ಅಳೆಯುವುದು ಬೆಲೆಯಿಂದ, ಬಣ್ಣದಿಂದ ಮತ್ತು ಅದು ಸೂಜಿಯೋ ಅಲ್ಲವೋ ಎಂಬುದರಿಂದ. ಬಿಳಿ ಗುಳಿಗೆ ಈ ಮೂರರಲ್ಲೂ ನಪಾಸು. ಅದೇ ಬಿಳಿ ಗುಳಿಗೆಯ ಒಂದು ಬ್ರ್ಯಾಂಡು, ಬೆಂಗಳೂರಿನ ಕಂಪನಿಯ ಡೋಲೊ-650, ಸಾಂಕ್ರಾಮಿಕ ಶುರುವಾದ ಮೇಲೆ 350 ಕೋಟಿ ಗುಳಿಗೆ ಮಾರಾಟವಾಯಿತೆಂದು 2022ರ ಜನವರಿಯಲ್ಲಿ ಪತ್ರಿಕೆಗಳು ಬರೆದವು. ದೇಶವೆಲ್ಲ ನುಂಗಿತು, ಗೌರವ ಮಾತ್ರ ಯಾರೂ ಕೊಡಲಿಲ್ಲ.

ಇನ್ನು ನೆಂಟರು. ಲಾಕ್‌ಡೌನ್ ಇದ್ದರೂ ಸುದ್ದಿಗೆ ಪಾಸು ಬೇಕೇ? ಮೊದಲು ಗಂಗಾವತಿಯಿಂದ ಕಾಕಾನ ಫೋನ್. ಅವರದು ಅಕ್ಕಿ ಗಿರಣಿಯ ವ್ಯವಹಾರ. “ಲೇ ತಮ್ಮಾ, ಬರೇ ಜರದ ಗುಳಿಗಿಲೆ ಏನಾಕ್ಕೈತಿ? ನಮ್ಮ ಹಮಾಲರು ತಗೋತಾರಲ್ಲ, ಆ ಕೆಂಪು ಗುಳಿಗಿ ಕೊಡು. ಚೀಲ ಹೊತ್ತ ನೋವೇ ಹೋಗ್ತೈತಿ, ಇದೇನ್ ಮಹಾ!” ಸಂಜೆಗೆ ಅಕ್ಕಿ ಲಾರಿಯವನ ಕೈಯಲ್ಲಿ ಕೆಂಪು ಗುಳಿಗೆ ಬಂದೇ ಬಿಟ್ಟಿತು. ಯಲಬುರ್ಗಾದ ದೊಡ್ಡವ್ವ ತನ್ನ ಮೊಣಕಾಲಿನ ಗುಳಿಗೆಗಳಲ್ಲೇ ಪಾಲು ಕಳಿಸಿದಳು. ಮೆಡಿಕಲ್ ಶಾಪಿನವರು ಕತ್ತರಿಯಿಂದ ಕೊಯ್ದು ಕೊಟ್ಟ ತುಂಡು ಅದು. ಹೆಸರು, ತಾರೀಖು ಎರಡೂ ಅಂಗಡಿಯಲ್ಲೇ ಉಳಿದು, ಎಂ.ಜಿ. ಎಂಬ ಎರಡಕ್ಷರ ಮಾತ್ರ ನಮ್ಮ ಮನೆಗೆ ಬಂದಿದ್ದವು. ಕುಷ್ಟಗಿಯ ಅಳಿಯಂದಿರು ಒಂದು ಹೆಜ್ಜೆ ಮುಂದೆ: “ಗುಳಿಗಿ ಗಿಳಿಗಿ ಬಿಡ್ರಿ ಮಾವಾರ, ನಮ್ಮ ಕಡೀ ಒಬ್ರು ಅದಾರ. ಒಂದ ಸೂಜಿ ಮಾಡಿದ್ರಂದ್ರ ಎದ್ದು ಹೊಲಕ್ಕ ಹೋಗ್ತೀರಿ.” ಪಕ್ಕದ ಮನೆಯವರು ನೆಗಡಿ ಗುಳಿಗೆ ಕೊಟ್ಟರು, ಓಣಿಯ ಹುಡುಗನೊಬ್ಬ ಸ್ಟಿರಾಯ್ಡ್ ಹೆಸರು ಬರೆದುಕೊಟ್ಟ. ಕಷಾಯಗಳ ಲೆಕ್ಕ ನಾನಿಡಲಿಲ್ಲ, ಅವುಗಳಿಂದ ಮಾವನಿಗಾದ ಮುಖ್ಯ ಅಪಾಯ ಹೊಟ್ಟೆ ಉಬ್ಬರ.

ಗಂಗಾವತಿಯ ಪಕ್ಕದಲ್ಲೇ ಅಂಜನಾದ್ರಿ ಇದೆ. 575 ಮೆಟ್ಟಿಲು ಹತ್ತಿದರೆ ಹನುಮಪ್ಪ ಹುಟ್ಟಿದನೆಂದು ನಾವು ನಂಬುವ ಜಾಗ. ಯಾವ ಬೇರೆಂದು ಗುರುತು ಹತ್ತದಾಗ ಗುಡ್ಡವನ್ನೇ ಎತ್ತಿ ತರುವ ಗುಣ ಈ ಸೀಮೆಯ ನೀರಿನಲ್ಲೇ ಇದೆಯೆಂದು ನನಗೆ ಅವತ್ತು ಖಾತ್ರಿಯಾಯಿತು. ಒಂದೇ ವ್ಯತ್ಯಾಸ: ರಾಮಾಯಣದಲ್ಲಿ ಗುಡ್ಡದಿಂದ ಬೇರು ಆರಿಸಿಕೊಡಲು ಸುಷೇಣನೆಂಬ ವೈದ್ಯನಿದ್ದ. ನಮ್ಮವರು ಗುಡ್ಡ ಇಳಿಸಿ, ಬೆವರು ಒರೆಸಿಕೊಂಡು, “ನುಂಗಿಬಿಡು” ಎಂದರು.

ನುಂಗಿದ್ದರೆ ಏನಾಗುತ್ತಿತ್ತು ಎಂದು ಗೋಡೆಯ ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕದ ಕೆಳಗೆ, ಕೂಡಿಸಿ ನೋಡಿದೆ. ಡಾಕ್ಟರು ಹೇಳಿದ 650 ನಾಲ್ಕು ಸಲ, ಒಟ್ಟು 2600 ಮಿಲಿಗ್ರಾಂ. ಪಕ್ಕದ ಮನೆಯ ನೆಗಡಿ ಗುಳಿಗೆಯ ಹಿಂಬದಿ ಇರುವೆ ಗಾತ್ರದ ಅಕ್ಷರದಲ್ಲಿ ಅದೇ ಪ್ಯಾರಾಸಿಟಮಾಲ್ 500, ಮೂರು ಹೊತ್ತಿಗೆ 1500. ದೊಡ್ಡವ್ವನಿಗೆ ಫೋನ್ ಮಾಡಿ ಪೂರ್ತಿ ಹಾಳೆಯ ಫೋಟೊ ತರಿಸಿದರೆ ಅಸಿಕ್ಲೋಫೆನಾಕ್ 100, ಜೊತೆಗೆ ಮತ್ತೆ ಪ್ಯಾರಾಸಿಟಮಾಲ್ 325. ಎರಡು ಹೊತ್ತಿಗೆ 650. ಮೂರೂ ಸೇರಿ 4750. ಆರೋಗ್ಯವಂತ ವಯಸ್ಕರಿಗೂ ಇಡೀ ದಿನಕ್ಕೆ 4000 ಮಿಲಿಗ್ರಾಂ ಗಡಿ. ಕುಡಿಯುವವರಿಗೆ, ಲಿವರ್ ತೊಂದರೆ ಇದ್ದವರಿಗೆ, ತೀರಾ ಸೊರಗಿದವರಿಗೆ ಗಡಿ ಇನ್ನೂ ಈಚೆಗೇ ಇರುತ್ತದೆ, ಎಷ್ಟೆಂದು ವೈದ್ಯರೇ ಹೇಳಬೇಕು. ಮೂರು ಕಡೆಯ ಪ್ರೀತಿ ಒಂದೇ ಲಿವರಿನ ಮೇಲೆ ಬೀಳುತ್ತಿತ್ತು. ಲಿವರ್ ಪಾಪದ್ದು, ಮೊದಲ ದಿನ ದೂರು ಹೇಳುವುದಿಲ್ಲ. ಬರೀ ವಾಕರಿಕೆ, ಊಟ ಬೇಡವೆನಿಸುವುದು. ಕೋವಿಡ್ ಬಂದವರಿಗೆ ಅದು ಹೇಗೂ ಇರುತ್ತದೆ. ಹಾನಿ ಎದ್ದು ಕಾಣುವಷ್ಟರಲ್ಲಿ ಎರಡು ಮೂರು ದಿನ ಕಳೆದಿರುತ್ತವೆ.

ಕಾಕಾನ ಕೆಂಪು ಗುಳಿಗೆ ಐಬುಪ್ರೊಫೆನ್ ಜಾತಿಯದು. ಇದಕ್ಕೊಂದು ಅಂತರರಾಷ್ಟ್ರೀಯ ಚರಿತ್ರೆಯೇ ಇದೆ. 2020ರ ಮಾರ್ಚ್ 14ರಂದು ಫ್ರಾನ್ಸಿನ ಆರೋಗ್ಯ ಸಚಿವ ಒಲಿವಿಯೆ ವೆರಾನ್ ಇಂಥ ಗುಳಿಗೆಗಳಿಂದ ಕೋವಿಡ್ ಉಲ್ಬಣಿಸಬಹುದು, ಜ್ವರಕ್ಕೆ ಪ್ಯಾರಾಸಿಟಮಾಲ್ ತಗೊಳ್ಳಿ ಎಂದು ಟ್ವೀಟ್ ಮಾಡಿದರು. ವಿಶ್ವ ಆರೋಗ್ಯ ಸಂಸ್ಥೆ ಮೊದಲು ಆ ಕಡೆಗೇ ವಾಲಿ, ಕೆಲವೇ ದಿನಗಳಲ್ಲಿ ‘ಐಬುಪ್ರೊಫೆನ್ ಬೇಡವೆಂದು ನಾವು ಹೇಳುವುದಿಲ್ಲ’ ಎಂಬ ನಿಲುವಿಗೆ ಬಂತು. ಮುಂದೆ ನಡೆದ ಅಧ್ಯಯನಗಳಲ್ಲೂ ಅದರಿಂದ ಕೋವಿಡ್ ಹೆಚ್ಚುತ್ತದೆ ಎಂಬುದಕ್ಕೆ ಆಧಾರ ಸಿಗಲಿಲ್ಲ. ಪ್ಯಾರಿಸ್ಸಿನ ಮೊದಲ ಸುದ್ದಿ ವಾಟ್ಸ್ಆ್ಯಪ್ ಹತ್ತಿ ಕೊಪ್ಪಳಕ್ಕೆ ಅವತ್ತೇ ಬಂದಿತ್ತು. ತಿದ್ದುಪಡಿ ಇನ್ನೂ ದಾರಿಯಲ್ಲಿದೆ.

ಹಾಗೆಂದು ಕಾಕಾ ಗೆದ್ದರು ಎನ್ನುವ ಹಾಗಿಲ್ಲ. ಗಟ್ಟಿಮುಟ್ಟಾದ ಹಮಾಲನಿಗೆ ಉಂಡ ಮೇಲೆ ಒಂದು ದಕ್ಕೀತು. ಜ್ವರದಲ್ಲಿ ನೀರು ಬತ್ತಿದ, ಬಿಪಿ ಗುಳಿಗೆ ನುಂಗುವ, ಸಕ್ಕರೆಯಿಂದ ಮೂತ್ರಪಿಂಡ ಮೊದಲೇ ದಣಿದಿರಬಹುದಾದ ಅರವತ್ತರ ಮೇಲಿನವರಿಗೆ ಅದೇ ಗುಳಿಗೆ ಮೂತ್ರಪಿಂಡಕ್ಕೆ ಹೋಗುವ ರಕ್ತವನ್ನು ಇನ್ನಷ್ಟು ಬಿಗಿ ಹಿಡಿಯುತ್ತದೆ. ಹೊಟ್ಟೆಹುಣ್ಣು ಇದ್ದವರಿಗೆ, ರಕ್ತ ತೆಳು ಮಾಡುವ ಔಷಧಿ ತಗೊಳ್ಳುವವರಿಗೆ ಒಳಗೇ ರಕ್ತ ಜಿನುಗುವ ಭಯ. ಕೆಲವು ಅಸ್ತಮಾದವರಿಗೆ ಉಸಿರು ಕಟ್ಟುತ್ತದೆ.

ಅಳಿಯಂದಿರ ಸೂಜಿ ಬಹುತೇಕ ಡೈಕ್ಲೋಫೆನಾಕ್. ಅದೂ ಇದೇ ಬಳಗದ್ದು, ಸ್ವಲ್ಪ ಜೋರಿನ ತಮ್ಮ. ದನಕ್ಕೆ ಅದನ್ನು ಚುಚ್ಚಿ, ಆ ದನ ಸತ್ತು, ಅದನ್ನು ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ರಾಶಿ ರಾಶಿ ಸತ್ತದ್ದರಿಂದ 2006ರಲ್ಲಿ ಪಶುಗಳಿಗೆ ಕೊಡುವುದನ್ನು ದೇಶದಲ್ಲಿ ನಿಷೇಧಿಸಲಾಯಿತು. ಮನುಷ್ಯರಿಗೆ ನಿಷೇಧವಿಲ್ಲ, ಬೇಕಾದಾಗ ವೈದ್ಯರು ಕೊಡುತ್ತಾರೆ. ಈ ಕಥೆ ಹೇಳಿದಾಗ ಅಳಿಯಂದಿರು, “ಮಾವಾರೇನು ರಣಹದ್ದ ಏನ್ರಿ?” ಎಂದರು. ಅತ್ತಿ ಏನೋ ಹೇಳಲು ಬಾಯಿ ತೆರೆದವಳು ಮಗಳ ಮುಖ ನೋಡಿ ಸುಮ್ಮನಾದಳು. ಸೂಜಿ ತಪ್ಪಿತು.

ಸ್ಟಿರಾಯ್ಡಿನ ವಿಷಯ ಮಾತ್ರ ನಗುವಂಥದ್ದಲ್ಲ. 2020ರ ಜೂನ್‌ನಲ್ಲಿ ಬ್ರಿಟನ್ನಿನ ‘ರಿಕವರಿ’ ಪ್ರಯೋಗ ಡೆಕ್ಸಾಮೆಥಾಸೋನ್ ಜೀವ ಉಳಿಸುತ್ತದೆಂದು ತೋರಿಸಿತು, ಆದರೆ ಆಮ್ಲಜನಕ ಬೇಕಾದಷ್ಟು ಉಸಿರು ಕುಸಿದವರಲ್ಲಿ ಮಾತ್ರ. ಆಮ್ಲಜನಕ ಬೇಡದವರಿಗೆ ಲಾಭ ಕಾಣಲಿಲ್ಲ. ಮೈಕೈ ನೋವು ಹಗುರಾಗುತ್ತದೆಂದು ಮನೆಯಲ್ಲೇ ನುಂಗಿದರೆ ಸಕ್ಕರೆ ಆಕಾಶಕ್ಕೇರುತ್ತದೆ. 2021ರ ಮೇ ತಿಂಗಳಲ್ಲಿ ಕಪ್ಪು ಶಿಲೀಂಧ್ರದಿಂದ ಕಣ್ಣು ಕಳೆದುಕೊಂಡವರಲ್ಲಿ ಸಕ್ಕರೆ ಕಾಯಿಲೆಯವರು, ಸ್ಟಿರಾಯ್ಡ್ ತಗೊಂಡವರೇ ಬಹಳ. ಆ ಚೀಟಿಯನ್ನು ಹುಡುಗನ ಎದುರಿಗೇ ಹರಿದೆ.

ಮಾವನ ಹಾಸಿಗೆಯ ಪಕ್ಕ ಉಳಿದದ್ದು ಬಿಳಿ ಗುಳಿಗೆ, ನೀರಿನ ತಂಬಿಗೆ, ದಿನದ ಸಕ್ಕರೆ-ಬಿಪಿ ಗುಳಿಗೆಗಳು ಮತ್ತು ಆಕ್ಸಿಮೀಟರ್. ಕೊನೆಯದು ಮಾವನಿಗೆ ಆಟಿಕೆಯಾಯಿತು. ಪ್ಯಾರಾಸಿಟಮಾಲ್ ವೈರಾಣುವನ್ನು ಕೊಲ್ಲುವುದಿಲ್ಲ, ಜ್ವರ ಇಳಿಸಿ ನೋವು ತಗ್ಗಿಸುತ್ತದೆ ಅಷ್ಟೆ. ಹೀಗಾಗಿ ಜ್ವರ ಇಲ್ಲವೆಂದು ಮೈಮರೆಯದೆ ಬೆರಳಿನ ಅಂಕಿ ನೋಡುತ್ತಿರಬೇಕು, 94ಕ್ಕಿಂತ ಕೆಳಗಿಳಿದರೆ ಗುಳಿಗೆ ಎಣಿಸುತ್ತ ಕೂಡದೆ ಆಸ್ಪತ್ರೆಗೆ ಹೊರಡಬೇಕು ಎಂದು ಹೇಳಿದ್ದೆ. ಮಾವ ಅಂಕಿಯನ್ನು ಪಂಚಾಯ್ತಿ ಎಲೆಕ್ಷನ್ನಿನ ಮತ ಎಣಿಕೆ ನಡೆದಿರುವ ಧಾಟಿಯಲ್ಲಿ ಓಣಿಗೆಲ್ಲ ಕೇಳುವಂತೆ ಘೋಷಿಸುತ್ತಿದ್ದರು. ನಡುವೆ, ಕೊಪ್ಪಳದ ಗವಿಮಠದ ಸ್ವಾಮಿಗಳು, ನಮಗೆಲ್ಲ ಅಜ್ಜಾರು, ಕೋವಿಡ್ ಆಸ್ಪತ್ರೆ ತೆರೆದ ಸುದ್ದಿ ಕೇಳಿ, “ಅಂಕಿ ಸ್ವಲ್ಪ ಇಳದ್ರ ನಾನೂ ಅಜ್ಜಾರ ಹಂತ್ಯಾಕ ಹೋಗಬಹುದಿತ್ತು,” ಎಂದು ಬೇಸರವನ್ನೂ ಮಾಡಿಕೊಂಡರು. ಅಂಕಿ ಇಳಿಯಲಿಲ್ಲ. ಹಟಮಾರಿ ಮನುಷ್ಯನ ಶ್ವಾಸಕೋಶವೂ ಹಟಮಾರಿಯೇ.

ಮಾವ ಎದ್ದು ಓಡಾಡಿದ ಮೇಲೆ ಕೀರ್ತಿ ಹಂಚಿಕೆ ನಡೆಯಿತು. ಗಂಗಾವತಿಯಲ್ಲಿ ಕೆಂಪು ಗುಳಿಗೆ ಗೆದ್ದಿತು, ಯಲಬುರ್ಗಾದಲ್ಲಿ ದೊಡ್ಡವ್ವನ ಗುಳಿಗೆ, ಕುಷ್ಟಗಿಯಲ್ಲಿ ನಡೆಯದೇ ಹೋದ ಸೂಜಿ. ಬಿಳಿ ಗುಳಿಗೆಯ ಹೆಸರು ಯಾರೂ ಎತ್ತಲಿಲ್ಲ.

ಕೋವಿಡ್ ಈಗ ನೆಗಡಿಯ ವೇಷದಲ್ಲಿ ಬಂದು ಹೋಗುತ್ತಿದೆ. ಮಳೆಗಾಲದಲ್ಲಿ ಅದರ ಜೊತೆಗೇ ಡೆಂಗೆಯೂ ಬರುತ್ತದೆ. ಜ್ವರ, ಮೈಕೈ ನೋವು ಎರಡಕ್ಕೂ ಒಂದೇ, ಆದರೆ ಡೆಂಗೆಯಲ್ಲಿ ಐಬುಪ್ರೊಫೆನ್, ಡೈಕ್ಲೋಫೆನಾಕ್, ನೋವಿಗೆಂದು ನುಂಗುವ ಆಸ್ಪಿರಿನ್ ರಕ್ತಸ್ರಾವಕ್ಕೆ ದಾರಿ ಮಾಡುತ್ತವೆ. ಹೃದಯಕ್ಕೆಂದು ವೈದ್ಯರು ಬರೆದ ಆಸ್ಪಿರಿನ್ನನ್ನು ನೀವಾಗಿ ನಿಲ್ಲಿಸಬೇಡಿ, ಜ್ವರ ಬಂದದ್ದನ್ನು ಅವರಿಗೇ ತಿಳಿಸಿ ಕೇಳಿ. ಉಳಿದಂತೆ, ಇವತ್ತು ಬಿಡುವಿದ್ದರೆ ಮನೆಯ ಗುಳಿಗೆ ಡಬ್ಬಿಯನ್ನು ಚಾಪೆಯ ಮೇಲೆ ಸುರುವಿ, ಕನ್ನಡಕ ಹಾಕಿಕೊಂಡು, ಯಾವ ಯಾವುದರ ಹಿಂದೆ ಪ್ಯಾರಾಸಿಟಮಾಲ್ ಎಂದು ಬರೆದಿದೆ ನೋಡಿ, ಪೆನ್ನಿನಿಂದ ಗುರುತು ಹಾಕಿ. ಹೆಸರಿಲ್ಲದ ತುಂಡುಗಳನ್ನು ಎಸೆಯಿರಿ, ಅವು ದೊಡ್ಡವ್ವ ಕೊಟ್ಟವಾಗಿದ್ದರೂ ಸರಿ.