ಕಣದಲ್ಲಿ ಕೈಯಾಡಿಸಲು ಜಾಗವಿಲ್ಲ

ಬೆಳಗ್ಗೆ ಕಂಪ್ಯೂಟರಿನ ಗುಂಡಿ ಒತ್ತಿ ನಾನು ಅಂಗಳಕ್ಕಿಳಿಯುತ್ತೇನೆ. ಮಳೆ ಅಳೆದು, ಇಂಚು ಸೆಂಟ್ಸನ್ನು ಬಾಯಲ್ಲೇ ಗುನುಗಿಕೊಂಡು ಒಳಬಂದು, ಒಂದು ಲೋಟ ಕಾಫಿ ಕುಡಿದು, ಇನ್ನರ್ಧ ಹಾಕಿಸಿಕೊಂಡು ಕೂರುತ್ತೇನೆ. ಪರದೆಯ ಮೇಲೆ ಆ ಚುಕ್ಕಿಗಳ ಬಳೆ ಇನ್ನೂ ಸುತ್ತುತ್ತಲೇ ಇರುತ್ತದೆ.

"ಏನ್ರೀ, ಗುಂಡ್ಯದಿಂದ ಹೊರಟ ಲಾರಿ ಮಾರನಹಳ್ಳಿ ಮುಟ್ತಾ?" ಅಡುಗೆಮನೆಯಿಂದ ನನ್ನವಳ ದಿನದ ಪ್ರಶ್ನೆ.

ಶಿರಾಡಿ ಘಾಟಿಯ ನೆತ್ತಿಯಲ್ಲಿ ಬದುಕುವ ನಮಗೆ ನಿಧಾನವೇನು ಹೊಸದಲ್ಲ. 2018ರಲ್ಲಿ ಕಾಂಕ್ರೀಟು ಹಾಕಲು ತಿಂಗಳುಗಟ್ಟಲೆ ರಸ್ತೆ ಮುಚ್ಚಿದರು. ತೆರೆದದ್ದೇ ತಡ, ಆಗಸ್ಟಿನ ಮಳೆಗೆ ಗುಡ್ಡ ಜಾರಿ ತಾನೇ ಮುಚ್ಚಿಕೊಂಡಿತು. ಆದರೆ ಘಾಟಿಗೆ ಮಳೆಯ ನೆಪವಿದೆ. ಬೆಚ್ಚಗೆ ಒಳಗೆ ಕೂತ ಇದಕ್ಕೇನು ದಾಡಿ?

ರಜಕ್ಕೆ ಬಂದ ಅಣ್ಣನ ಮಗ ಎರಡು ನಿಮಿಷ ನೋಡಿ ತೀರ್ಪು ಕೊಟ್ಟ. "ಚಿಕ್ಕಪ್ಪ, ಸಿ ಡ್ರೈವಲ್ಲಿ ಉಳಿದಿರೋದು ಒಂದೂವರೆ ಜಿಬಿ. ಇದು ಉಸಿರಾಡ್ತಿರೋದೇ ಹೆಚ್ಚು."

ರ‍್ಯಾಮ್ ಸಾಲದಾದಾಗ ಯಂತ್ರ ಡಿಸ್ಕಿನ ಮೇಲೆಯೇ ತಾತ್ಕಾಲಿಕವಾಗಿ ಸಾಮಾನು ಹರಡಿಕೊಳ್ಳುತ್ತದಂತೆ. ಹರಡಲು ಜಾಗವಿಲ್ಲದಿದ್ದರೆ ಏದುಸಿರು. ಈ ಮಾತು ತಲೆಗೆ ಥಟ್ಟನೆ ಹೋಯಿತು. ಕಣದ ತುಂಬ ಅಂಚಿನಿಂದ ಅಂಚಿಗೆ ಕಾಫಿ ಹಣ್ಣು ಸುರಿದುಬಿಟ್ಟರೆ ಕೈಯಾಡಿಸುವುದು ಎಲ್ಲಿ? ಒಣಗುವುದಿಲ್ಲ, ಬೂಷ್ಟು ಹಿಡಿಯುತ್ತದೆ.

"ಡಿಫ್ರಾಗ್ ಮಾಡಿಬಿಡು ಮತ್ತೆ" ಎಂದೆ, ನನಗೂ ಒಂದು ಪದ ಗೊತ್ತಿದೆ ಎಂದು ತೋರಿಸಲು. ವಿಂಡೋಸ್ 98ರ ಕಾಲದವನು ನಾನು. ಆಗ ಡಿಫ್ರಾಗ್ ಎಂದರೆ ಪರದೆ ತುಂಬ ಬಣ್ಣದ ಚೌಕಗಳು; ಒಂದೊಂದೇ ಎದ್ದು ಸಾಲಿಗೆ ಸೇರುವುದನ್ನು ಧಾರಾವಾಹಿಯಂತೆ ನೋಡುತ್ತಿದ್ದೆವು. ಮುಕ್ಕಾಲು ಭಾಗ ಮುಗಿಯುವವರೆಗೆ ಕಾದಿದ್ದು ಆಷಾಢದ ಕರೆಂಟು ಹೋಗುತ್ತಿತ್ತು.

ಹುಡುಗ ನಕ್ಕ. ವಿಸ್ಟಾ ಬಂದಾಗಿನಿಂದ ಆ ಕೆಲಸವನ್ನು ವಿಂಡೋಸ್ ವಾರಕ್ಕೊಮ್ಮೆ ತಾನೇ ಮಾಡಿಕೊಳ್ಳುತ್ತದಂತೆ. ಅದಕ್ಕೂ ಖಾಲಿ ಜಾಗ ಬೇಕು; ನೂರಕ್ಕೆ 15 ಭಾಗವಾದರೂ ಬಿಡಿ ಎಂದು ಹಳೆಯ ವಿಂಡೋಸೇ ಗೋಗರೆಯುತ್ತಿತ್ತಂತೆ. ಜಾಗ ಚೂರುಪಾರು ಉಳಿದಾಗ ಒಂದೇ ಫೈಲು ಹತ್ತು ಕಡೆ ಹರಿದು ಕೂರುತ್ತದೆ. ಡಿಸ್ಕಿನ ತಟ್ಟೆ ನಿಮಿಷಕ್ಕೆ 7200 ಸುತ್ತು ತಿರುಗಿದರೇನು, ಓದುವ ಮೊನೆ ಚೂರಿಂದ ಚೂರಿಗೆ ಓಡಬೇಕಲ್ಲ! ಒಂದು ಲೋಡು ಕಾಫಿಗೆ ಹತ್ತು ತೋಟದ ಗೇಟಿನಲ್ಲಿ ನಿಲ್ಲುವ ಪಿಕಪ್ಪಿನ ಪಾಡು.

ಖಾಲಿ ಮಾಡಲು ಕೂತೆವು. ವಿಡಿಯೋ ತುಂಬ ಆನೆಗಳೇ ಆನೆಗಳು! ನಮ್ಮ ಕಡೆಯ ಕಾಡಾನೆ ಭೀಮ ರಸ್ತೆ ದಾಟಿದ್ದು, ಭೀಮ ಯಾರದೋ ಗೇಟಿನ ಮುಂದೆ ನಿಂತದ್ದು, ಅದೇ ಭೀಮ ಮೊಬೈಲಿನ ನಾಲ್ಕು ಗುಂಪುಗಳಿಂದ ನಾಲ್ಕು ಸಲ ಬಂದದ್ದು. ನಿಜವಾದ ಆನೆ ರಾತ್ರಿ ಬಂದು ಬಾಳೆ ತಿಂದು ಹೋಗುತ್ತದೆ. ವಿಡಿಯೋ ಆನೆ ಹೋಗುವುದೇ ಇಲ್ಲ. ಕಣ್ಣು ಮುಚ್ಚಿ ಅಳಿಸಿದೆ. ಜಾಗ ಒಂದಿಂಚೂ ಹೆಚ್ಚಲಿಲ್ಲ.

"ರೀಸೈಕಲ್ ಬಿನ್ ಖಾಲಿ ಮಾಡ್ಬೇಕು ಚಿಕ್ಕಪ್ಪ. ಈಗ ಬರೀ ಮನೆಯಿಂದ ಅಟ್ಟಕ್ಕೆ ಹಾಕಿದ್ದೀರ."

ಅಟ್ಟದ ಮಾತೆತ್ತಿದ್ದು ನನ್ನವಳ ಕಿವಿಗೆ ಬಿದ್ದಿರಬೇಕು. ಒಳಗೆ ಪಾತ್ರೆ ಜೋರಾಗಿ ಸದ್ದಾಯಿತು.

ತಗಾದೆ ಶುರುವಾದದ್ದು ಮಳೆ ಲೆಕ್ಕದಲ್ಲಿ. ಎಕ್ಸೆಲ್ಲಿನ ನಾಲ್ಕು ನಕಲು ಸಿಕ್ಕವು, ನಾಲ್ಕಕ್ಕೂ ಒಂದೇ ಹೆಸರು, ಬಾಲಕ್ಕೆ ಬೇರೆ ಬೇರೆ ಅಂಕಿ. ಯಾವುದು ಇರಲಿ ಎಂದು ಕೇಳಿದ. ಒಂದೇ ದಿನದ ಮಳೆ ಒಂದರಲ್ಲಿ 4.2, ಇನ್ನೊಂದರಲ್ಲಿ 4.02. ನಾನು ಹೊಡೆದದ್ದು 4.20, ಅಂದರೆ ನಾಲ್ಕು ಇಂಚು ಇಪ್ಪತ್ತು ಸೆಂಟ್ಸು; ಇಂಚಿನ ನೂರನೇ ಒಂದು ಭಾಗ ಒಂದು ಸೆಂಟ್ಸು. ಎಕ್ಸೆಲ್ಲು ಕೊನೆಯ ಸೊನ್ನೆ ನುಂಗಿತು. ನಾಲ್ಕು ಇಂಚು ಎರಡು ಸೆಂಟ್ಸು ಎಂದು ಓದಿಕೊಂಡ ನಾನೇ ಇನ್ನೊಂದು ದಿನ ಅದನ್ನು 'ತಿದ್ದಿದ್ದೆ'. ನಾಲ್ಕನ್ನೂ ತೆರೆದು ಹೋಲಿಸೋಣ ಎಂದು ಹುಡುಗ ಒತ್ತಿದ. ಬಳೆ ಸುತ್ತತೊಡಗಿತು.

ಅಷ್ಟರಲ್ಲಿ ನನ್ನವಳು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬೀರುವಿನಿಂದ ನಮ್ಮಪ್ಪನ ಕಾಲದಿಂದ ಬಂದ ಉದ್ದನೆಯ ಲೆಕ್ಕದ ಪುಸ್ತಕ ತಂದು ತೆರೆದಳು. "ನಾಲ್ಕು ಇಂಚು ಇಪ್ಪತ್ತು. ನೀವು ಊರಲ್ಲಿರ್ಲಿಲ್ಲ, ನಾನೇ ಅಳೆದು ಬರೆದಿದ್ದು." ಬಳೆ ಇನ್ನೂ ಸುತ್ತುತ್ತಿತ್ತು.

ಕೊನೆಗೆ ಹುಡುಗ ಸಕಲೇಶಪುರಕ್ಕೆ ಹೋಗಿ ಎಸ್ಎಸ್‌ಡಿ ತಂದು ಕೂರಿಸಿದ. ಅದರಲ್ಲಿ ತಿರುಗುವ ತಟ್ಟೆಯೂ ಇಲ್ಲ, ಓಡುವ ಮೊನೆಯೂ ಇಲ್ಲ. ಆದ್ದರಿಂದ ಡಿಫ್ರಾಗ್ ಹೆಸರೆತ್ತಬೇಡಿ, ಸುಮ್ಮನೆ ಬರೆದು ಬರೆದು ಸವೆಸಿದಂತೆ ಎಂದು ಎರಡು ಸಲ ಹೇಳಿ ಬಸ್ಸು ಹತ್ತಿದ. ಈಗ ಗುಂಡಿ ಒತ್ತಿ ಚಪ್ಪಲಿ ಮೆಟ್ಟುವಷ್ಟರಲ್ಲಿ ಪರದೆ ಸಿದ್ಧ. ಕಾಫಿಯ ಆ ಇನ್ನರ್ಧ ಲೋಟಕ್ಕೆ ಕಾರಣವೇ ಉಳಿದಿಲ್ಲ.

ತೆಗೆದ ಹಳೆಯ ಡಿಸ್ಕು? ಎಸೆಯಲು ಮನಸ್ಸು ಬರಬೇಕಲ್ಲ. ಅವಳು ತೋಟಕ್ಕೆ ಹೋದ ಹೊತ್ತು ನೋಡಿ, ಪಂಚೆ ಚೂರಿನಲ್ಲಿ ಸುತ್ತಿ, ಅಟ್ಟದಲ್ಲಿ ಹಳೆಯ ಪಲ್ಪರಿನ ಮೋಟಾರಿನ ಹಿಂದೆ ಇಟ್ಟಿದ್ದೇನೆ.